ತಾಂಡೂರಿನಿಂದ ಬಂದ ಫೋನು

ದೂರದಲ್ಲಿದ್ದವರಿಗೆ ನಮ್ಮ ಕಷ್ಟ ತಾನಾಗಿ ತಿಳಿಯುತ್ತದೆ ಎಂಬ ಮಾತನ್ನು ನಾನು ನಂಬಿದವಳಲ್ಲ. ಈಗಲೂ ಪೂರ್ತಿ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ತೆಲಂಗಾಣ ಚಳವಳಿ ಜೋರಾಗಿದ್ದ ಕಾಲ. ಬಂದ್‌ನ ಹಿಂದಿನ ದಿನ ಜಹೀರಾಬಾದಿನ ನಮ್ಮ ಮನೆಯಲ್ಲಿ ಎಲ್ಲವೂ ಎಂದಿನಂತೆಯೇ ಇತ್ತು. ಕಚೇರಿಯಿಂದ ಬಂದ ನನ್ನ ಗಂಡ ರೊಟ್ಟಿ, ಪುಂಡಿಪಲ್ಯ ಉಂಡು ಹಳೆಯ ಮಾತನ್ನೇ ತೆಗೆದರು: "ಛಲೋ ಆಗ್ಯಾದ. ಆದ್ರ ನಮ್ಮಕ್ಕನ ಕೈರುಚಿನೇ ಬ್ಯಾರೆ."

"ಹಂಗಾದ್ರ ತಾಂಡೂರಿಗೇ ಹೋಗಿ ಉಣ್ರಿ."

ಅವರು ನಕ್ಕರು. ನಾನು ನಗಲಿಲ್ಲ. ತಾಯಿಯಿಲ್ಲದ ಅವರನ್ನು ಬೆಳೆಸಿದವಳು ಆ ಅಕ್ಕ. ಅವರಿಗೆ ಏನು ಸೇರುತ್ತದೆ, ಏನು ಆಗಿಬರುವುದಿಲ್ಲ ಎಂಬುದೆಲ್ಲ ಆಕೆಗೇ ಗೊತ್ತು. ಮದುವೆಯಾಗಿ ಒಂಬತ್ತು ವರ್ಷವಾಗಿದ್ದರೂ ಆಕೆ ಬಂದರೆ ನನ್ನ ಮನೆಯಲ್ಲಿ ನಾನೇ ನೆಂಟಳು.

ಮರುದಿನ ಬೆಳಿಗ್ಗೆ ಅವರ ದವಡೆ ಬಾತಿತ್ತು. ಹಲ್ಲುನೋವು. ಹತ್ತಿರದ ದವಾಖಾನೆ ಮುಚ್ಚಿತ್ತು, ರಸ್ತೆಯಲ್ಲಿ ಟೈರು ಉರಿಯುತ್ತಿದ್ದವು. ಹಿಂದಿನ ತಿಂಗಳು ನನಗೆ ಗಂಟಲು ಕೆಟ್ಟಾಗ ಡಾಕ್ಟರು ಏಳು ದಿನಕ್ಕೆ ಅಮಾಕ್ಸಿಸಿಲಿನ್ ಬರೆದುಕೊಟ್ಟಿದ್ದರು. ಮೂರನೆಯ ದಿನ ನೋವು ಹೋಯಿತೆಂದು ಉಳಿದ ಗುಳಿಗೆಗಳನ್ನು ಡಬ್ಬಿಯಲ್ಲಿ ಎತ್ತಿಟ್ಟಿದ್ದೆ. ನಮ್ಮ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಅಂಥದೊಂದು ಡಬ್ಬಿ ಇರುತ್ತದೆ. ಹಲ್ಲುನೋವಿನಿಂದ ದವಡೆ ಬಾತರೂ ಅದನ್ನೇ ಕೊಡುತ್ತಾರೆಂದು ಕೇಳಿದ್ದೆ. ಒಂದು ಕೊಟ್ಟೆ. ನುಂಗಿ ಮಲಗಿದರು.

ಐದು ನಿಮಿಷವೂ ಆಗಿರಲಿಲ್ಲ, ಅಕ್ಕನ ಫೋನು ಬಂತು.

"ತಂಗೀ, ತಮ್ಮಗ ಏನರ ಆಗ್ಯಾದೇನು? ನನ್ನ ಅಂಗೈ ಒಂದೇ ಸವನ ತುರಸಾಕ ಹತ್ಯಾದ. ಅವ ಸಣ್ಣಾವಿದ್ದಾಗ ಒಮ್ಮಿ..."

"ಏನೂ ಆಗಿಲ್ರಿ ಅಕ್ಕಾ. ಮಲಗ್ಯಾರ." ಫೋನು ಇಟ್ಟುಬಿಟ್ಟೆ. ಅಷ್ಟು ದೂರದಿಂದಲೂ ಆಕೆಗೆ ಅವರು ಬೇಕೇ ಎಂದು ನನಗೆ ಸಿಟ್ಟು ಬಂದಿತ್ತು.

ಸ್ವಲ್ಪ ಹೊತ್ತಿಗೆ ಅವರು ಅಂಗೈ ಕೆರೆದುಕೊಳ್ಳುತ್ತ ಎದ್ದರು. ತುಟಿ ಊದಿತು, ಮೈಮೇಲೆ ದದ್ದು ಎದ್ದವು, ಉಸಿರು ಸಿಳ್ಳೆ ಹಾಕತೊಡಗಿತು. ಪಕ್ಕದ ಮನೆಯವರ ಬೈಕಿನಲ್ಲಿ ಅವರನ್ನು ನಡುವೆ ಕೂರಿಸಿಕೊಂಡು ಹೊರಟೆವು. ಬಂದ್ ಮಾಡುತ್ತಿದ್ದ ಹುಡುಗರೇ ಉರಿಯುವ ಟೈರು ಸರಿಸಿ ದಾರಿ ಬಿಟ್ಟರು. ದೊಡ್ಡಾಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು. ಹಿಂದೆ ಯಾವಾಗಲಾದರೂ ಪೆನ್ಸಿಲಿನ್ ಆಗಿಬಾರದೆ ತೊಂದರೆಯಾಗಿತ್ತೇ ಎಂದು ಡಾಕ್ಟರು ಕೇಳಿದರು. ಅಮಾಕ್ಸಿಸಿಲಿನ್ ಕೂಡ ಅದೇ ಜಾತಿಯದಂತೆ. ಸ್ವಲ್ಪ ಮೊದಲೇ ಕರೆತಂದಿದ್ದರೆ ಒಂದು ಇಂಜೆಕ್ಷನ್ನಿಗೆ ಉಳಿಯುತ್ತಿದ್ದರೇನೋ ಎಂದರು. ಪೆನ್ಸಿಲಿನ್ನಿನ ವಿಷಯ ನನಗೆ ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

ಮೂರನೆಯ ದಿನ ಅಕ್ಕ ನನ್ನ ಪಕ್ಕ ಕೂತು ಹೇಳಿದಳು: "ಸಣ್ಣಾವಿದ್ದಾಗ ಪೆನ್ಸಿಲಿನ್ ಸೂಜಿ ಹಾಕಿದ್ರು. ಮೊದ್ಲ ಅಂಗೈ ತುರಿಸ್ತು, ಆಮ್ಯಾಗ ಮೈಯೆಲ್ಲ ಉಬ್ಬಿತು. ಅವಗ ನೆನಪಿರಲಿಲ್ಲ. ಅದನ್ನೇ ಹೇಳಾಕ ಹತ್ತಿದ್ದೆ ತಂಗೀ, ಅಷ್ಟರಾಗ ಲೈನ್ ಕಟ್ ಆತು."

ಹಲ್ಲುನೋವಿನ ಸುದ್ದಿಯನ್ನಾಗಲಿ, ಗುಳಿಗೆಯ ಸುದ್ದಿಯನ್ನಾಗಲಿ ಆಕೆಗೆ ಯಾರೂ ಹೇಳಿರಲಿಲ್ಲ. ಅವರ ಕೈ ತುರಿಸುವ ಮೊದಲೇ ಆಕೆಯ ಕೈ ಹೇಗೆ ತುರಿಸಿತು? ಒಬ್ಬರಿಗೆ ಕೊಟ್ಟ ಔಷಧಿಯನ್ನು ಇನ್ನೊಬ್ಬರಿಗೆ ಕೊಡಬೇಡಿ ಎಂದು ಈಗ ಕಂಡವರಿಗೆಲ್ಲ ಹೇಳುತ್ತೇನೆ. ಆದರೆ ನನ್ನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಮಗ್ಗುಲಲ್ಲೇ ಇದ್ದವಳು ನಾನು. ಆ ಸೂಚನೆ ನನ್ನ ಕೈಗೇಕೆ ಬರಲಿಲ್ಲ?

ಅಕ್ಕ ಈಗಲೂ ವಾರಕ್ಕೊಮ್ಮೆ ಫೋನು ಮಾಡಿ ಉಂಡೆಯಾ ಎಂದು ಕೇಳುತ್ತಾಳೆ. ಅಂದು ಲೈನು ಕಟ್ಟಾಗಿರಲಿಲ್ಲ ಎಂಬುದನ್ನು ಆಕೆಗೆ ನಾನು ಇನ್ನೂ ಹೇಳಿಲ್ಲ.