ಗ್ರೀಸ್ ಬಕೆಟ್ಟಿನ ಮೆಣಸಿನಗಿಡ

ನನ್ನ ಸೋದರಮಾವನಿಗೆ ಅವನ ಜೊತೆ ಕೆಲಸ ಮಾಡುವವರು ಇಟ್ಟ ಹೆಸರು ಪಾದರಸ. ಇಟ್ಟವರು ಯಾರೋ ಗೊತ್ತಿಲ್ಲ, ಸಿಕ್ಕಿದರೆ ಕೈ ಮುಗಿಯುತ್ತೇನೆ. ಮಾವ ನಿಂತೇ ಊಟ ಮಾಡುತ್ತಾನೆ. ಫೋನು ಬಂದರೆ ಮನೆಯ ಉದ್ದಗಲ ಅಳೆಯುತ್ತಾನೆ. ಟೀ ಆರುವಷ್ಟು ಹೊತ್ತು ಕಾಯಲಾರದೆ ವರ್ಷಕ್ಕೆ ಹತ್ತು ಸಲ ಬಾಯಿ ಸುಟ್ಟುಕೊಳ್ಳುತ್ತಾನೆ. ಅವನದು ಲಿಫ್ಟ್ ರಿಪೇರಿ ಕೆಲಸ. ನಮ್ಮ ಕಟ್ಟಡದ್ದೂ ಸೇರಿ ಹನ್ನೊಂದು ಕಟ್ಟಡಗಳ ಲಿಫ್ಟುಗಳು ಅವನ ಉಸ್ತುವಾರಿಯಲ್ಲಿವೆ. ನಾನೂ ಅಮ್ಮನೂ ಎರಡನೆಯ ಮಹಡಿಯಲ್ಲಿದ್ದೇವೆ, ಅವನು ಆರನೆಯ ಮಹಡಿಯ ಒಂಟಿ ಕೋಣೆಯಲ್ಲಿದ್ದಾನೆ. ನಿಂತುಹೋದದ್ದನ್ನು ಬಿಚ್ಚಿ ನೋಡು ಎನ್ನುವುದು ಅವನ ಕಸುಬಿನ ಮೊದಲ ಪಾಠ; ಬಹುಶಃ ಅವನು ಕಲಿತದ್ದು ಅದೊಂದೇ ಪಾಠ. ಅದರಿಂದ ಲಿಫ್ಟುಗಳು ಓಡಿದವು, ಮೆಣಸಿನ ಬೀಜಗಳು ಸತ್ತವು. ಅದನ್ನೇ ಹೇಳಲು ಹೊರಟಿದ್ದೇನೆ.

ಅದಕ್ಕೆ ಮೊದಲು ಅಮ್ಮನ ವಿಷಯ ಹೇಳಬೇಕು. ಅಮ್ಮ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿದವಳು. ಮುನ್ನೂರು ಜನರ ಅಡುಗೆಗೆ ಉಪ್ಪನ್ನು ಕೈಯಳತೆಯಲ್ಲೇ ಹಾಕಿ, ಒಂದೇ ಒಂದು ಹನಿ ನಾಲಿಗೆಗೆ ಮುಟ್ಟಿಸಿ, ಸರಿ ಎನ್ನುತ್ತಿದ್ದಳು. ಹೋದ ವರ್ಷ ಅವಳಿಗೊಂದು ಜ್ವರ ಬಂತು. ಹೋಗುವಾಗ ಜ್ವರ ಅವಳ ಮೂಗಿನ ವಾಸನೆಯನ್ನೂ ನಾಲಿಗೆಯ ರುಚಿಯನ್ನೂ ಹೊತ್ತುಕೊಂಡು ಹೋಯಿತು. ವಾಪಸ್ ಬರಬಹುದು, ಬರದೆಯೂ ಇರಬಹುದು, ಕಾಯಿರಿ ಎಂದರು ಡಾಕ್ಟರು. ಮೂರು ತಿಂಗಳು ಕಾದು ಅಮ್ಮ ಕೆಲಸಕ್ಕೆ ಹೋದಳು. ಎರಡನೆಯ ವಾರದಲ್ಲೇ ಸಾರಿಗೆ ಎರಡು ಸಲ ಉಪ್ಪು ಬಿತ್ತು. ತಟ್ಟೆಗಳು ಹಾಗೆಹಾಗೇ ವಾಪಸ್ ಬಂದವು. ಮ್ಯಾನೇಜರು ಬೈಯಲಿಲ್ಲ, ಒಂದು ಬಟ್ಟಲು ತಂದು ಅವಳ ಮುಂದಿಟ್ಟರು. ಅಮ್ಮ ಪೂರ್ತಿ ಕುಡಿದು, "ಸರಿಯಾಗೇ ಇದೆಯಲ್ಲ" ಎಂದಳಂತೆ. ಸುತ್ತ ನಿಂತವರ ಮುಖ ನೋಡಿದಾಗಲೇ ಅವಳಿಗೆ ಅರ್ಥವಾದದ್ದು. ಅವತ್ತೇ ಏಪ್ರನ್ ಬಿಚ್ಚಿ ಕೊಟ್ಟು ಮನೆಗೆ ಬಂದಳು.

ಆಮೇಲೆ ಅವಳು ಗಡಿಯಾರ ನೋಡಿ ಊಟ ಮಾಡತೊಡಗಿದಳು. ಒಂದು ಗಂಟೆಗೆ ನಾಲ್ಕು ತುತ್ತು, ಎಂಟು ಗಂಟೆಗೆ ನಾಲ್ಕು ತುತ್ತು. ಐದನೆಯದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಣಿಕಟ್ಟಿನಲ್ಲಿದ್ದ ವಾಚು ಮೊಣಕೈವರೆಗೆ ಜಾರತೊಡಗಿತು. ನಾನು ಬೇಡಿಕೊಂಡೆ, ಕಣ್ಣೀರಿಟ್ಟೆ, ಕೊನೆಗೆ ಕೂಗಾಡಿದೆ. "ಹೀಗೇ ಆದ್ರೆ ನೀನು ಉಳಿಯಲ್ಲ" ಅಂತ ಹೆತ್ತ ತಾಯಿಗೇ ಹೇಳಿದೆ. ನಾನಂದದ್ದು ಸುಳ್ಳಾಗಿರಲಿಲ್ಲ, ಅದಕ್ಕೇ ನನಗೆ ಅಷ್ಟು ಭಯ. ಕೂಗಾಡಿದರೆ ಯಾರಿಗೂ ಹಸಿವಾಗುವುದಿಲ್ಲ ಎನ್ನುವುದು ನನಗೆ ತಡವಾಗಿ ಗೊತ್ತಾಯಿತು.

ಆಗ ಒಂದು ಮಧ್ಯಾಹ್ನ ಅಂಗಡಿಯಿಂದ ತಂದ ಹಸಿಮೆಣಸಿನಕಾಯಿಯನ್ನು ಅಮ್ಮ ಊಟದ ಜೊತೆ ಕಚ್ಚಿ ಒಂದು ಗಳಿಗೆ ಹುಬ್ಬು ಗಂಟಿಕ್ಕಿದಳು.

"ಏನೋ ಒಂಚೂರು ಚುರ್ ಅಂತು" ಎಂದಳು. ಮತ್ತೆ ಕಚ್ಚಿದಳು. "ಹೋಯ್ತು."

ಎದುರಿಗೆ ನಿಂತು ತಿನ್ನುತ್ತಿದ್ದ ಮಾವ ತಟ್ಟೆಯನ್ನು ಅಲ್ಲೇ ಇಟ್ಟು ಮೆಟ್ಟಿಲಿಳಿದು ಓಡಿದ. ಅವನು ಲಿಫ್ಟು ನೋಡಿಕೊಳ್ಳುವ ಒಂದು ಕಟ್ಟಡದ ಕೆಳಗೆ ನರ್ಸರಿ ಇಟ್ಟುಕೊಂಡ ಹೆಂಗಸೊಬ್ಬಳಿದ್ದಾಳೆ. ಒಂದು ಗಂಟೆಯ ನಂತರ ವಾಪಸ್ ಬಂದವನ ಕೈಯಲ್ಲಿ ಕಾಗದದ ಪೊಟ್ಟಣವಿತ್ತು.

"ಖಾರ ರುಚಿ ಅಲ್ವಂತೆ ಕಣೇ! ಉರಿ ಅಂತೆ. ಸುಟ್ಟಾಗ ಚರ್ಮಕ್ಕೆ ಗೊತ್ತಾಗುತ್ತಲ್ಲ, ಹಾಗೆ. ಮೂಗು ಕೆಟ್ರೂ ಅದು ಗೊತ್ತಾಗುತ್ತೆ. ಅಂಗಡಿಯದು ಸಪ್ಪೆ ಜಾತಿ. ಇದು ನೋಡು, ಇದನ್ನ ಮುಟ್ಟಿ ಕಣ್ಣು ಉಜ್ಜಿಕೊಂಡ್ರೆ ದಿನವಿಡೀ ಅಳಬೇಕಂತೆ. ಇದರ ಕಾಯಿ ಎಲ್ಲೂ ಮಾರಕ್ಕೆ ಬರಲ್ಲ. ಬೆಳೀಬೇಕು."

"ಎಷ್ಟು ದಿನ ಬೇಕು?" ಎಂದೆ.

"ಐದು ತಿಂಗಳು" ಎನ್ನುವಾಗ ಮಾವನ ದನಿ ಇಳಿದುಹೋಯಿತು. ಅವನು ತನ್ನ ಜನ್ಮದಲ್ಲಿ ಯಾವುದಕ್ಕೂ ಐದು ದಿನ ಕಾದವನಲ್ಲ.

ಪೊಟ್ಟಣದಲ್ಲಿ ಒಂಬತ್ತು ಬೀಜಗಳಿದ್ದವು. ಮೊಟ್ಟೆ ಟ್ರೇಯ ಗುಳಿಗಳಲ್ಲಿ ಗೊಬ್ಬರ ಬೆರೆಸಿದ ಮಣ್ಣು ತುಂಬಿ, ಗುಳಿಗೊಂದು ಬೀಜ ಹೂತು, ಟ್ರೇಯನ್ನು ತಾರಸಿಯ ಮೇಲಿನ ಲಿಫ್ಟಿನ ಮೋಟರು ಕೋಣೆಯಲ್ಲಿಟ್ಟ. ಬೀಜಕ್ಕೆ ಬೆಚ್ಚಗಿರಬೇಕೆಂದು ನರ್ಸರಿಯಾಕೆ ಹೇಳಿದ್ದಳು. ಇಡೀ ಕಟ್ಟಡದಲ್ಲಿ ಮೋಟರು ಕೋಣೆಯಷ್ಟು ಬೆಚ್ಚಗಿನ ಜಾಗ ಇನ್ನೊಂದಿಲ್ಲ. ಅಲ್ಲಿಯವರೆಗೆ ಎಲ್ಲವನ್ನೂ ಸರಿಯಾಗಿಯೇ ಮಾಡಿದ. ಮೂರನೆಯ ದಿನ ಸಣ್ಣ ಸ್ಕ್ರೂಡ್ರೈವರ್ ತಗೊಂಡು ಮೊದಲನೆಯ ಗುಳಿ ಕೆದಕಿದ.

"ಏನಾಗ್ತಿದೆ ಅಂತ ನೋಡ್ಬೇಕಲ್ಲ" ಎಂದ, ನಾನು ಕೇಳಿದಾಗ. "ಒಳಗೆ ಕೆಲಸ ನಡೀತಿದೆಯೋ ಇಲ್ವೋ ಅಂತ ತೆಗೀದೆ ಹೆಂಗೆ ಗೊತ್ತಾಗುತ್ತೆ?"

"ಮಾವ, ಅದು ಲಿಫ್ಟಲ್ಲ!"

ತಲೆಯಾಡಿಸಿದ. ಐದನೆಯ ದಿನ ಎರಡು ಗುಳಿ, ಎಂಟನೆಯ ದಿನ ಇನ್ನೆರಡು. ಒಂದರಲ್ಲಿ ಬಿಳಿ ಬೇರು ಆಗಷ್ಟೇ ಇಣುಕಿತ್ತು. ಅವನು ಮುಚ್ಚುವಾಗ ಅದರ ಕುತ್ತಿಗೆ ಮುರಿಯಿತು. ಎರಡು ಬೆರಳ ನಡುವೆ ಅದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತ.

ಕೆದಕದೆ ಬಿಟ್ಟ ನಾಲ್ಕರಲ್ಲಿ ಮೂರು ಮೊಳೆತವು. ಅವಕ್ಕೆ ದಿನಕ್ಕೆ ಐದು ಸಲ ನೀರು ಹಾಕಿದ. ಎರಡರ ಬುಡ ಕೊಳೆತು, ಬೆಳಗಾಗುವಷ್ಟರಲ್ಲಿ ಮಲಗಿಬಿಟ್ಟಿದ್ದವು. ಉಳಿದದ್ದು ಒಂದೇ. ಅದನ್ನು ಮೊಸರಿನ ಡಬ್ಬಿಗೆ, ಅಲ್ಲಿಂದ ತಳಕ್ಕೆ ಡ್ರಿಲ್ಲಿನಲ್ಲಿ ತೂತು ಕೊರೆದ, ಲಿಫ್ಟಿಗೆ ಬಳಸುವ ಗ್ರೀಸಿನ ಖಾಲಿ ಬಕೆಟ್ಟಿಗೆ ಸಾಗಿಸಿದ. ಬಕೆಟ್ಟನ್ನು ಸೋಪು ಹಾಕಿ ಏಳು ಸಲ ತೊಳೆದಿದ್ದನಂತೆ. ಆಮೇಲೆ ಆ ಬಕೆಟ್ಟು ಬಿಸಿಲು ಹುಡುಕುತ್ತ ತಾರಸಿಯಲ್ಲಿ ತಿರುಗಾಡತೊಡಗಿತು: ಬೆಳಿಗ್ಗೆ ಈ ಮೂಲೆ, ಮಧ್ಯಾಹ್ನ ಆ ಮೂಲೆ. ಎರಡು ಕಟ್ಟಡಗಳ ರಿಪೇರಿಯ ನಡುವೆ ಬೈಕು ತಿರುಗಿಸಿಕೊಂಡು ಬಂದು ಅದನ್ನು ಅರ್ಧ ಗೇಣು ಸರಿಸಿ ಹೋಗುತ್ತಿದ್ದ. ಬಾಲ ಸುಟ್ಟ ಬೆಕ್ಕಿನ ಹಾಗೆ ಅವನು ಮೆಟ್ಟಿಲು ಹತ್ತಿ ಇಳಿಯುವುದನ್ನು ನೋಡಿ ನೋಡಿ ನನಗೇ ಸುಸ್ತಾಗುತ್ತಿತ್ತು. ಇತ್ತ ಅಮ್ಮ ನಾಲ್ಕರಿಂದ ಮೂರು ತುತ್ತಿಗೆ ಇಳಿದಿದ್ದಳು.

ಗಿಡ ಹೂ ಬಿಟ್ಟಿತು, ಐದು ಕಾಯಿ ಕಚ್ಚಿತು. ಕಾಯಿ ಕಚ್ಚಿದ ಹನ್ನೆರಡನೆಯ ದಿನ, ದೊಡ್ಡದೊಂದು ಕಾಯಿ ಹೆಬ್ಬೆರಳಿನ ಉಗುರಿನಷ್ಟಾಗಿತ್ತು, ಅಷ್ಟೇ, ಮಾವ ಅದನ್ನು ಕಿತ್ತು ತಂದ. ಅಮ್ಮ ಬಾಯಿಗೆ ಹಾಕಿಕೊಂಡಳು. ಮಾವ ತುದಿಗಾಲಲ್ಲಿ ನಿಂತಿದ್ದ. ಅಮ್ಮ ಅಗಿದಳು, ನುಂಗಿದಳು, ನೀರು ಕುಡಿದಳು.

"ಏನೂ ಇಲ್ಲ" ಎಂದಳು. "ಆ ಚುರ್ ಅನ್ನೋದೂ ಇಲ್ಲ. ಅದೂ ಹೋಯ್ತು ನೋಡು."

ಎದ್ದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಇಷ್ಟು ದಿನ ಅವಳೂ ಆ ಗಿಡದ ದಾರಿ ಕಾಯುತ್ತಿದ್ದಳೆಂದು ನನಗೆ ಆಗ ತಿಳಿಯಿತು. ಮಾವ ಬಂದ ದಾರಿಯಲ್ಲೇ ತಾರಸಿಗೆ ಓಡಿದ, ಇನ್ನೊಂದು ಕಾಯಿ ಕಿತ್ತು ತಾನೇ ಕಚ್ಚಿದ. ಉಳಿದರ್ಧವನ್ನು ಹಿಡಿದುಕೊಂಡು ಕೂಗುತ್ತ ಇಳಿದು ಬಂದು ನನ್ನ ಬಾಯಿಗೆ ತುರುಕಿದ. ಸೌತೆಕಾಯಿ ಸಿಪ್ಪೆ ಅಗಿದಂತಿತ್ತು.

"ಸಪ್ಪೆ!" ಎಂದು ಕುಣಿದ. "ಅಕ್ಕಾ, ಸಪ್ಪೆ ಕಣೇ! ನಿನ್ನ ನಾಲಿಗೆ ಸರಿಯಾಗೇ ಇದೆ, ಕಾಯೇ ದರಿದ್ರದ್ದು!"

ಬೆಳೆದ ಮೆಣಸಿನಕಾಯಿ ಸಪ್ಪೆಯಾಯಿತೆಂದು ಅಷ್ಟು ಸಂತೋಷಪಟ್ಟ ಇನ್ನೊಬ್ಬ ಮನುಷ್ಯ ಭೂಮಿಯ ಮೇಲೆ ಇರಲಾರ. ಅವತ್ತೇ ಸಂಜೆ ನರ್ಸರಿಯಾಕೆಯನ್ನು ಕರೆತಂದು ಗಿಡ ತೋರಿಸಿದ. ಆಕೆ ಮಣ್ಣಿಗೆ ಬೆರಳು ಚುಚ್ಚಿ ನೋಡಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಎಳೆಗಾಯಿ ಕಿತ್ತು ಖಾರ ಇಲ್ಲ ಅಂತೀರಲ್ಲ. ಕೆಂಪಾಗಬೇಕು, ಇನ್ನೊಂದು ತಿಂಗಳು ಬೇಕು. ಮತ್ತೆ ಈ ಪರಿ ನೀರು ಯಾಕೆ? ಗಿಡಕ್ಕೆ ಸ್ವಲ್ಪ ಬಾಯಾರಬೇಕು ಸಾರ್, ಆಗ ಖಾರ ಕಟ್ಟುತ್ತೆ. ಮಣ್ಣಿಗೇನೂ ಆಗಿಲ್ಲ. ನಿಮ್ಮ ಕೈಯೇ ಇದರ ರೋಗ."

ಮಾವನಿಗೆ ತನ್ನ ಕೈಯ ಬಗ್ಗೆ ಭ್ರಮೆಯೇನೂ ಇರಲಿಲ್ಲ. ಆಕೆ ಹೋದ ಮೇಲೆ ಬಕೆಟ್ಟನ್ನು ಎತ್ತಿಕೊಂಡು ಬಂದು ನಮ್ಮ ಬಾಲ್ಕನಿಯಲ್ಲಿಟ್ಟ.

"ಅಕ್ಕ, ಇದನ್ನ ನೀನು ನೋಡ್ಕೋ. ನಾನು ಕೇಳಿದ್ರೂ ಮುಟ್ಟಕ್ಕೆ ಬಿಡಬೇಡ. ಕಾಲಿಗೆ ಬಿದ್ರೂ ಬಿಡಬೇಡ."

"ನನಗ್ಯಾಕೋ ಈ ಉಸಾಬರಿ?" ಎಂದಳು ಅಮ್ಮ. ಆದರೂ ಮರುದಿನ ಕುರ್ಚಿಯನ್ನು ಬಾಲ್ಕನಿಗೆ ಎಳೆದುಕೊಂಡಳು, ನೀರಿನ ಮಗ್ಗನ್ನು ಕುರ್ಚಿಯ ಕೆಳಗಿಟ್ಟುಕೊಂಡಳು.

ಆ ಒಂದು ತಿಂಗಳು ಮಾವ ಪಟ್ಟ ಪಾಡು ಯಾರಿಗೂ ಬೇಡ. ದಿನಕ್ಕೆ ನಾಲ್ಕು ಸಲ ಬರುತ್ತಿದ್ದ. "ಅಕ್ಕ, ಎಲೆ ಜೋತುಬಿದ್ದಿದೆ, ಒಂದೇ ಲೋಟ." "ಅಕ್ಕ, ಸ್ವಲ್ಪ ಆ ಕಡೆ ತಿರುಗಿಸ್ಲಾ?" "ಅಕ್ಕ, ಕೀಳಲ್ಲ, ಬರೀ ಮುಟ್ಟಿ ನೋಡ್ತೀನಿ." ಅಮ್ಮ, "ಕೈ ಮುರೀತೀನಿ ನೋಡು" ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಕುರ್ಚಿಯಲ್ಲೇ ತೂಕಡಿಸುತ್ತಿದ್ದಾಗ ಅವನು ಚಪ್ಪಲಿ ಬಿಟ್ಟು ಕಳ್ಳಹೆಜ್ಜೆಯಲ್ಲಿ ಬಂದು ಬಗ್ಗಿದ. ಅಮ್ಮ ಕಣ್ಣು ತೆರೆಯದೆಯೇ, "ಲೋ" ಎಂದಳು. ಬಂದಂತೆಯೇ ಹೋದ.

ಅವನನ್ನು ನೋಡಿ ನಗುತ್ತಿದ್ದ ನನಗೂ ನೆಮ್ಮದಿಯಿರಲಿಲ್ಲ. ಆಫೀಸಿನಲ್ಲಿ ಕೂತು, ಕಾಯಿ ಕೆಂಪಾಗಿಯೂ ಅಮ್ಮನಿಗೆ ಏನೂ ಗೊತ್ತಾಗದಿದ್ದರೆ ಎಂದು ಯೋಚಿಸುತ್ತಿದ್ದೆ. ಆಗ ಕಾಯಿ ಎಳೆಯದು ಎನ್ನುವ ನೆವವೂ ಇರುವುದಿಲ್ಲ. ಬಿಸಿಲು ಏರಿದ ಒಂದು ದಿನ ಎಲೆಗಳೆಲ್ಲ ಒದ್ದೆ ಬಟ್ಟೆಯ ಹಾಗೆ ನೇತುಬಿದ್ದವು. ನಾನೇ ಮಗ್ಗಿಗೆ ಕೈ ಹಾಕಿದೆ. ಅಮ್ಮ ನನ್ನ ಕೈ ತಳ್ಳಿ, ಮಣ್ಣಿಗೆ ಬೆರಳಿಳಿಸಿ, ತುಸು ಹೊತ್ತು ಹಾಗೇ ಇದ್ದಳು. ಆಮೇಲೆ ಅರ್ಧ ಮಗ್ಗು ನೀರನ್ನು ಬುಡದ ಸುತ್ತ ಹನಿಸಿ, "ಸರಿ" ಎಂದಳು. ಆ ಮಾತನ್ನು ಅವಳ ಬಾಯಲ್ಲಿ ಕೇಳಿ ವರ್ಷವಾಗಿತ್ತು.

ಉಳಿದ ಮೂರು ಕಾಯಿಗಳಲ್ಲಿ ಒಂದು ಮೊದಲು ಕಿತ್ತಳೆಯಾಗಿ, ಆಮೇಲೆ ಕೆಂಪಾಯಿತು. ಅಮ್ಮ ಇನ್ನೂ ನಾಲ್ಕು ದಿನ ಬಿಟ್ಟಳು. ಮಾವ ಉಗುರು ಕಚ್ಚಿ ಕಚ್ಚಿ ಬೆರಳ ತುದಿಗೆ ಬಂದಿದ್ದ. ಐದನೆಯ ದಿನ, ಭಾನುವಾರ, ಅವಳೇ ಕಿತ್ತಳು. ನಾನು ಕತ್ತರಿಸಿ ಕೊಡುತ್ತೇನೆಂದರೆ ಕೇಳಲಿಲ್ಲ. ಅಡುಗೆಮನೆಗೆ ಹೋಗಿ ರಬ್ಬರ್ ಗ್ಲೌಸು ಹಾಕಿಕೊಂಡು ಚಾಕು ಹಿಡಿದಳು. ಬೇಯಿಸಿಟ್ಟಿದ್ದ ಎರಡು ಆಲೂಗಡ್ಡೆಗಳನ್ನು ಹಿಚುಕಿ ಉಪ್ಪು ಹಾಕಿ, ಕಾಯಿಯ ಕಾಲುಭಾಗವನ್ನು ನುಣ್ಣಗೆ ಹೆಚ್ಚಿ ಬೆರೆಸಿದಳು. ಆ ಚಾಕುವಿನ ಸದ್ದು ಕೇಳುತ್ತ ನಾನೂ ಮಾವನೂ ಬಾಗಿಲಲ್ಲಿ ನಿಂತಿದ್ದೆವು.

ಒಂದು ತುತ್ತು ತಿಂದಳು. ಏನೂ ಆಗಲಿಲ್ಲ. ಮಾವ ನನ್ನ ತೋಳು ಹಿಡಿದ ಕಡೆ ಆಮೇಲೆ ಕಪ್ಪಗಾಗಿತ್ತು. ಎರಡನೆಯ ತುತ್ತು ಬಾಯಿಗೆ ಹೋದದ್ದೇ ಅಮ್ಮನ ಕಿವಿ ಕೆಂಪಾದವು. ಹಣೆಯಲ್ಲಿ ಬೆವರು ಮೂಡಿತು. ಕಣ್ಣಲ್ಲಿ ದಳದಳ ನೀರು ಸುರಿಯಿತು. ಮಾವ ಹಾಲಿನ ಲೋಟ ಹಿಡಿದು ನುಗ್ಗಿದ, ಅವಳು ಕೈಯಲ್ಲೇ ತಡೆದಳು.

"ರುಚಿ ಬಂತಾ ಅಕ್ಕ? ಆಲೂಗಡ್ಡೆ ಗೊತ್ತಾಯ್ತಾ? ಉಪ್ಪು?"

ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು ಮೂಸಿ ನೋಡಿ, ನಾಲಿಗೆ ಆಡಿಸಿ ನೋಡಿ, ತಲೆ ಅಲ್ಲಾಡಿಸಿದಳು. "ಇಲ್ಲ ಕಣೋ. ಆಲೂಗಡ್ಡೆನೂ ಇಲ್ಲ, ಉಪ್ಪೂ ಇಲ್ಲ."

ಮಾವನ ಮುಖ ಬಿದ್ದುಹೋಯಿತು. ಐದು ತಿಂಗಳು ಮನಸ್ಸಿನಲ್ಲಿ ಅವನು ಏನು ಕಟ್ಟಿಕೊಂಡಿದ್ದನೋ ಅದು ಆ ಲೋಟದ ಜೊತೆ ಅವನ ಕೈಯಲ್ಲೇ ಉಳಿಯಿತು. ನನಗೂ ಅಳು ಬಂತು.

"ಆದ್ರೆ ಬಾಯಿ ಇದೆ" ಎಂದಳು ಅಮ್ಮ, ಇನ್ನೂ ಕಣ್ಣೀರು ಸುರಿಸುತ್ತ. "ಇಷ್ಟು ದಿನ ಎಲ್ಲಿಗೆ ಹಾಕ್ತಾ ಇದ್ದೀನಿ ಅಂತಾನೇ ಗೊತ್ತಾಗ್ತಿರಲಿಲ್ಲ. ಇವತ್ತು ನನಗೊಂದು ಬಾಯಿದೆ."

ಮೂರನೆಯ ತುತ್ತು ತಿಂದಳು. ನಾಲ್ಕನೆಯದು, ಐದನೆಯದು. ಸೊರ್‍ರೆಂದು ಉಸಿರೆಳೆದುಕೊಳ್ಳುತ್ತ, ತಮ್ಮನಿಗೆ ಬಾಯಿಗೆ ಬಂದಂತೆ ಬೈಯುತ್ತ, ತಟ್ಟೆಯನ್ನು ಬಳಿದು ತಿಂದಳು. ಆಮೇಲೆ ಖಾಲಿ ತಟ್ಟೆಯನ್ನು ನನ್ನ ಕಡೆ ಚಾಚಿ, "ಇನ್ನೆರಡು ಬೇಯಿಸ್ತೀಯಾ?" ಎಂದಳು.

ನಾನು ಆರು ಬೇಯಿಸಿದೆ.