ಬಸುಕಾಕಾನ ಒಂದು ನಿಮಿಷ ಐವತ್ತೆರಡು ಸೆಕೆಂಡು

ಏಪ್ರಿಲ್ ೭, ಮಂಗಳವಾರ. ಬೆಳಿಗ್ಗೆ ೬ ಗಂಟೆ ೪೦ ನಿಮಿಷ. ರೋಣ, ನಮ್ಮ ಮನೆಯ ಪಡಸಾಲೆ.

ನಿನ್ನೆ ಸಂಜೆ ನಮ್ಮ ಓಣಿಗೆ ಪ್ರಚಾರದ ಗಾಡಿಯೊಂದು ಬಂದಿತ್ತು. ಮುಂಭಾಗದಲ್ಲಿ ಗಾಜಿನ ಪೆಟ್ಟಿಗೆ, ಅದರೊಳಗೆ ತೀರಿಹೋದ ಸೈನಿಕನೊಬ್ಬನ ಟೋಪಿ. ಟೋಪಿಯ ಅಂಚಿಗೆ ಬೆವರಿನ ಕಲೆ ಇನ್ನೂ ಇತ್ತು. ಯಾರ ಮಗನೋ ನನಗೆ ಗೊತ್ತಿಲ್ಲ. ಪೆಟ್ಟಿಗೆಯ ಮೇಲೆ ಅಭ್ಯರ್ಥಿಯ ಚಿಹ್ನೆ ಅಂಟಿಸಿದ್ದರು. ಸಿಟ್ಟು ಇಳಿದ ಮೇಲೆ ಬರೆಯೋಣ ಅಂದುಕೊಂಡೆ. ಇಳಿಯಲಿಲ್ಲ.

ನಾನು ಚಿಕ್ಕವಳಿದ್ದಾಗ ಚುನಾವಣೆ ಅಂದರೆ ನಮ್ಮಂಥ ಹುಡುಗರಿಗೆ ಹಬ್ಬ. ನೀವೂ ಪ್ರಚಾರದ ಆಟೋ ಹಿಂದೆ ಓಡಿರುತ್ತೀರಿ. ನಾನು ಐದನೇ ಇಯತ್ತೆ ಮುಗಿಸಿದ ಬೇಸಿಗೆ ಅದು. ಸಾಲಿಗೆ ಸೂಟಿ. ಓಣಿ ತುಂಬ ಬೇವಿನ ಹೂವಿನ ವಾಸನೆ. ಆಟೋದಿಂದ ಹಾರಿಸಿದ ಹ್ಯಾಂಡ್‌ಬಿಲ್ ನೆಲಕ್ಕೆ ಬೀಳುವ ಮೊದಲೇ ಹಿಡಿಯಬೇಕು. ಒಂದು ಬದಿ ಕೋರಾ ಇದ್ದರೆ ಲೆಕ್ಕ ಬಿಡಿಸಲು, ಎರಡೂ ಬದಿ ಅಚ್ಚಾಗಿದ್ದರೆ ಚುರುಮುರಿಯ ಗಿರಮಿಟ್ ಹಾಕಿಸಿಕೊಳ್ಳಲು. ಉಳ್ಳಾಗಡ್ಡಿಯ ಜೊತೆ ಅಚ್ಚಿನ ಮಸಿಯ ವಾಸನೆಯನ್ನೂ ತಿಂದವರು ನಾವು. ಎದುರುಮನೆ ಶಕ್ಕಿಗೂ ನನಗೂ ಪೈಪೋಟಿ. ಮೊದಲ ವಾರದ ಕೊನೆಗೆ ನಂದು ೨೧೨, ಅವಳದು ೧೮೭. ನೋಟ್‌ಬುಕ್ಕಿನಲ್ಲಿ ಇದೆ.

ನೋಟ್‌ಬುಕ್ ಬರೆಯುವ ಚಟ ಹಚ್ಚಿದವನು ಬಸುಕಾಕಾ, ನಮ್ಮಪ್ಪನ ತಮ್ಮ. ಮಿಲಿಟರಿಯಲ್ಲಿ ಲಾರಿ ಚಾಲಕ. "ಗಾಡಿ ಎಲ್ಲಿಂದ ಎಲ್ಲಿಗೆ ಹೋತು, ಎಷ್ಟ ಹೊತ್ತಿಗೆ ಹೋತು, ಬರೀಲಿಲ್ಲಂದ್ರ ನಮ್ಮ ಸಾಹೇಬ್ರು ಊಟಕ್ಕ ಬಿಡೂದಿಲ್ಲ ಗಂಗೂ. ನೀನೂ ಹಂಗ ಬರಿ" ಅಂದಿದ್ದ. ಆ ಚುನಾವಣೆಗೆ ಎಂಟು ತಿಂಗಳ ಹಿಂದೆ ಅವನು ತೀರಿಕೊಂಡ. ಗುಂಡು ಬಿದ್ದು ಅಲ್ಲ. ಮಳೆಗೆ ಕುಸಿದ ಗುಡ್ಡದ ರಸ್ತೆಯಲ್ಲಿ ಲಾರಿ ಕಮರಿಗೆ ಉರುಳಿತು. ಲಾರಿಯಲ್ಲಿ ಗೋಧಿಹಿಟ್ಟು, ಸೀಮೆಎಣ್ಣೆ ಇದ್ದವು. ಗುಡ್ಡದ ಮೇಲಿದ್ದ ಸೈನಿಕರಿಗೆ ಅವು ತಲುಪಬೇಕಿತ್ತು. ಆ ಸಾವು ಯಾರ ಸಾವಿಗಿಂತಲೂ ಕಡಿಮೆಯದಲ್ಲ. ಮುಂದೆ ಬೇಕಾಗುತ್ತದೆಂದು ಇದನ್ನು ಇಲ್ಲೇ ಬರೆದಿಡುತ್ತಿದ್ದೇನೆ.

ಕೊನೆಯ ಸೂಟಿಗೆ ಬಂದಾಗ ಅವನು ಆಯಿಗೆ, ಅಂದರೆ ನನ್ನ ಅಜ್ಜಿಗೆ, ಒಂದು ಗುಂಡಿ ಫೋನ್ ತಂದುಕೊಟ್ಟಿದ್ದ. ಅಡಿಗೆಮನೆಯಲ್ಲಿ ಕೂತು ಅದರಲ್ಲಿ ದನಿ ಮುದ್ರಿಸಿದ. ಒಂದು ನಿಮಿಷ ಐವತ್ತೆರಡು ಸೆಕೆಂಡು. ಮೊದಲು ರೊಟ್ಟಿ ಬಡಿಯುವ ಸಪ್ಪಳ. ಆಮೇಲೆ ಅವನ ದನಿ.

"ಯವ್ವಾ, ಏನರೆ ಮಾತಾಡು. ಇದರಾಗ ತುಂಬ್ಕೊಳ್ತತಿ."

"ಹೋಗೋ ಹುಚ್ಚಪ್ಪ, ರೊಟ್ಟಿ ಹೊತ್ತತಾವು."

"ನಾ ಹೋಗೂ ಮುಂದ ಅಳತಿ, ಈಗ ಮಾತಾಡಂದ್ರ ಒಲ್ಲಿ. ನಾ ಮತ್ತ ಬರ್ತೀನಿ ಯವ್ವಾ, ಅಳಬ್ಯಾಡ. ಬರೂ ಮುಂದ ಏನ ತರ್ಲಿ?"

"ನೀ ಬಾ. ಬರೂ ಮುಂದ ಸ್ವಲ್ಪ ದಪ್ಪ ಆಗಿ ಬಾ."

ಆಮೇಲೆ ಇಬ್ಬರ ನಗು. ಕೊನೆಗೆ ನನ್ನ ದನಿ: "ಕಾಕಾ, ನಂದೂ ತುಂಬು, ನಂದೂ!" ಅಲ್ಲಿಗೆ ಮುಗಿಯುತ್ತಿತ್ತು.

ಅವನು ತೀರಿಕೊಂಡ ಮೇಲೆ ದಿನಾ ಮಧ್ಯಾಹ್ನ ಊಟವಾದ ಕೂಡಲೇ ಆಯಿ ಕರೆಯುತ್ತಿದ್ದಳು. "ಗಂಗೂ, ಬಸ್ಯಾನ್ನ ಹಚ್ಚವಾ." ಫೋನ್ ತೆಗೆದು ಅವನ ದನಿ ಹಚ್ಚುತ್ತಿದ್ದೆ. "ಏನ ತರ್ಲಿ" ಎಂದು ಅವನು ಕೇಳಿದಾಗ, ಫೋನಿನೊಳಗಿನ ಆಯಿಯ ಜೊತೆಗೇ ಹೊರಗಿನ ಆಯಿಯೂ ಹೇಳುತ್ತಿದ್ದಳು, "ನೀ ಬಾ." ಒಂದು ಮಾತೂ ಹಿಂದೆಮುಂದೆ ಆಗುತ್ತಿರಲಿಲ್ಲ.

ಆ ಪ್ರಚಾರದ ದಿನಗಳ ಒಂದು ಶುಕ್ರವಾರ ಬೆಳಿಗ್ಗೆ ೧೧.೧೫ಕ್ಕೆ ಬಿಳಿ ಬೂಟು ಹಾಕಿಕೊಂಡ ಒಬ್ಬ ನಮ್ಮ ಮನೆಗೆ ಬಂದ. ಅಭ್ಯರ್ಥಿಯ ಪ್ರಚಾರ ನೋಡಿಕೊಳ್ಳುವವನು. ಅಪ್ಪ, ಅವ್ವ ಹೊಲಕ್ಕೆ ಹೋಗಿದ್ದರು.

"ಅಮ್ಮಾರ, ನಿಮ್ಮ ಮಗಂದೊಂದು ಫೋಟೊ ಕೊಡ್ರಿ. ಸಾಹೇಬ್ರು ಭಾಷಣದಾಗ ನೆನಸ್ತಾರ."

ಎಂಟು ತಿಂಗಳಿಂದ ಆಯಿಯ ಮುಂದೆ ಬೇರೆ ಯಾರೂ ತಾವಾಗಿ ಬಸುಕಾಕಾನ ಸುದ್ದಿ ತೆಗೆದಿರಲಿಲ್ಲ. ಅಳುತ್ತಾಳೆಂದು ಮಾತು ತಪ್ಪಿಸುತ್ತಿದ್ದರು. ಈಗ ಒಬ್ಬ ತಾನಾಗಿ ಕೇಳಿದ್ದಾನೆ. ಆಯಿಯ ಮುಖ ಅರಳಿತು. "ಫೋಟೊ ಏನ ನೋಡ್ತಿ ತಮ್ಮಾ, ಅವನ ಮಾತ ಕೇಳು. ಗಂಗೂ, ಬಸ್ಯಾನ್ನ ಹಚ್ಚವಾ."

ಕೇಳಿದ. ಅವನ ಕಣ್ಣಲ್ಲಿ ನೀರು ಬಂತು. ಖರೇ ಬಂತು, ಅದನ್ನೂ ಬರೆದಿದ್ದೇನೆ. "ಇನ್ನೊಮ್ಮೆ ಹಚ್ಚು ತಂಗಿ" ಅಂದ. ಎರಡನೇ ಸಲ ಅವನ ಕಣ್ಣು ಕೈಗಡಿಯಾರದ ಮೇಲಿತ್ತು. ಸೆಕೆಂಡು ಎಣಿಸುತ್ತಿದ್ದ.

"ಇದರಾಗಿನ ಚಿಪ್ಪು ಎರಡ ದಿನ ಕೊಡ್ರಿ ಅಮ್ಮಾರ. ತಾಲೂಕಿನ ಮಂದೆಲ್ಲಾ ನಿಮ್ಮ ಮಗನ ದನಿ ಕೇಳ್ಲಿ."

"ಎರಡ ದಿನ ಹೌದಲ್ಲೋ?"

"ಎರಡ ಅಂದ್ರ ಎರಡ್ರಿ."

ಫೋನಿನ ಹಿಂದಿನ ಮುಚ್ಚಳ ತೆಗೆದು, ಉಗುರಿನಷ್ಟಗಲದ ಆ ಮೆಮರಿ ಕಾರ್ಡನ್ನು ಎಬ್ಬಿಸಿ ಅವನ ಕೈಗೆ ಇಟ್ಟವಳು ನಾನೇ. ಫೋನಿನಿಂದ ಫೋನಿಗೆ ಒಂದೇ ನಿಮಿಷದಲ್ಲಿ ನಕಲು ಮಾಡಿಕೊಳ್ಳಬಹುದಿತ್ತು. ಅದು ನನಗೆ ಆಗ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು.

ಆದರೂ ನಾನು ನೋಟ್‌ಬುಕ್ ಮುಂದೆ ಹಿಡಿದೆ. 'ಚಿಪ್ಪು ಒಂದು. ಎರಡು ದಿನಕ್ಕೆ.' ಕೆಳಗೆ ಸಹಿಗೆ ಜಾಗ ಬಿಟ್ಟಿದ್ದೆ.

"ಏನವಾ ತಂಗಿ, ಪೊಲೀಸ ಆಗಾಕಿ ಏನ ನೀ?" ನಕ್ಕು ಪೆನ್ನು ತೆಗೆದುಕೊಂಡು ದೊಡ್ಡದಾಗಿ ಬರೆದ: ಜೈ ಜವಾನ್.

"ಇದು ಸಹಿ ಅಲ್ರಿ."

"ಇದಕಿಂತ ದೊಡ್ಡ ಸಹಿ ಯಾವದೈತಿ?"

ಆಯಿ ನನ್ನನ್ನೇ ಗದರಿದಳು. "ಮನಿಗೆ ಬಂದವರಿಗೆ ಹಂಗೆಲ್ಲಾ ಕೇಳಬಾರ್ದು, ಸುಮ್ನಿರು."

ಸೋಮವಾರ ಬೆಳಿಗ್ಗೆ ೯.೦೫ಕ್ಕೆ ಆಟೋ ಬಂತು. ಮೇಲೆ ಕಟ್ಟಿದ ಭೋಂಗಾ ಸ್ಪೀಕರಿನಿಂದ ಬಸುಕಾಕಾನ ದನಿ: "ನಾ ಮತ್ತ ಬರ್ತೀನಿ ಯವ್ವಾ, ಅಳಬ್ಯಾಡ." ಅಷ್ಟೇ. ಕೂಡಲೇ ಡೋಲು. ಆಮೇಲೆ ಅಭ್ಯರ್ಥಿಯ ಹೆಸರು, ಚಿಹ್ನೆ, "ವೀರಪುತ್ರನ ಕೊನೆಯ ಮಾತು, ನಮ್ಮ ಸಾಹೇಬರಿಗೇ ನಿಮ್ಮ ಮತ." ಮೊದಲ ಸಲ ನಾನೂ ಹಿಂದೆ ಓಡಿದೆ. ನಮ್ಮ ಕಾಕಾ, ನಮ್ಮ ಕಾಕಾ ಎಂದು ಒದರಿದೆ. ತಿರುಗಿ ಬಂದಾಗ ಆಯಿ ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಏನ ತರ್ಲಿ ಅಂತ ಕೇಳಲೇ ಇಲ್ಲಲ್ಲ" ಅಂದಳು.

ಆ ಆಟೋ ನಮ್ಮ ಓಣಿಗೆ ಒಂಬತ್ತು ದಿನದಲ್ಲಿ ನಲವತ್ತೇಳು ಸಲ ಬಂತು. ನಲವತ್ತೇಳು ಸಲವೂ ಆಯಿ ಬಾಗಿಲಿಗೆ ಬಂದಳು. "ನೀ ಬಾ" ಎನ್ನುವಷ್ಟರಲ್ಲಿ ಡೋಲು ಶುರುವಾಗುತ್ತಿತ್ತು.

ನಾಲ್ಕನೇ ದಿನ ಕುಂಟಾಟ ಆಡುವಾಗ ಔಟಾದ ಶಕ್ಕಿ ಗೆರೆಯಿಂದ ಹೊರಗೆ ಹೋಗುತ್ತಾ ರಾಗ ಎಳೆದಳು, "ನಾ ಮತ್ತ ಬರ್ತೀನಿ ಯವ್ವಾ, ಅಳಬ್ಯಾಡಾ..." ಎಲ್ಲರೂ ನಕ್ಕರು. ನಾನು ಅವಳ ಜಡೆ ಹಿಡಿದು ಬೆನ್ನಿಗೆ ಗುದ್ದಿದೆ. ಅವಳದೇನೂ ತಪ್ಪಿರಲಿಲ್ಲ. ಊರಿಗೆಲ್ಲ ಅದು ಹಾಡಾಗಿಬಿಟ್ಟಿತ್ತು.

ಚಿಪ್ಪು ಬರಲಿಲ್ಲ. ಆ ವಾರದ ಶನಿವಾರ ಆಯಿ ನನ್ನನ್ನು ಕರೆದುಕೊಂಡು ಅವರ ಪ್ರಚಾರದ ಕಚೇರಿಗೆ ನಡೆದಳು. ಬಿಳಿ ಬೂಟಿನವನಿಗೆ ನಮ್ಮನ್ನು ಕಂಡು ಬಹಳ ಸಂತೋಷವಾಯಿತು. "ಚಲೋ ಆತು ಬಂದ್ರಿ ಅಮ್ಮಾರ! ಚಿಪ್ಪು ಅಸೂಟಿ ಸಭಾದಾಗ ಐತಿ. ಜೀಪ ಹತ್ರಿ, ಅಲ್ಲೇ ಕೊಡ್ತೀನಿ."

ಅಸೂಟಿ, ಸಂಜೆ ೪.೧೦. ಆಯಿಯನ್ನು ವೇದಿಕೆಗೆ ಹತ್ತಿಸಿದರು, ಶಾಲು ಹೊದಿಸಿದರು, ಫೋಟೊ ತೆಗೆದರು. "ಎದಿಗೆ ಮೂರು ಗುಂಡು ತಿಂದು ಸತ್ತ ವೀರನ ತಾಯಿ" ಎಂದರು. ಶಾಲು ವಾಪಸು ತೆಗೆದು ಮಡಚಿದರು. ಚಿಪ್ಪು? "ರಾಜೂರಾಗ ಐತ್ರಿ."

ರಾಜೂರ, ೫.೫೦. ಅದೇ ಶಾಲು. ಗುಂಡು ಐದು. "ಲಕ್ಕಲಕಟ್ಟಿಯಾಗ ಸೌಂಡಿನವರ ಹಂತ್ಯಾಕ ಐತ್ರಿ, ಅಮ್ಮಾರ."

ಲಕ್ಕಲಕಟ್ಟಿ, ೭.೧೫. ಅದೇ ಶಾಲು. ಗುಂಡು ಏಳು. ಈ ಸಲ ಮೈಕು ಆಯಿಯ ಕೈಗೆ ಕೊಟ್ಟರು. "ಎರಡ ಮಾತ ಆಶೀರ್ವಾದ ಮಾಡ್ರಿ ಸಾಹೇಬ್ರಿಗೆ."

ಆಯಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನನ್ನ ಮಗಗ ಗುಂಡ ಬಡದಿಲ್ರೆಪಾ. ಲಾರಿ ಉಳ್ಳಿ ಸತ್ತಾನ. ಮಂದಿಗೆ ಹಿಟ್ಟ ಒಯ್ಯಾಕ ಹೋಗಿ ಸತ್ತಾನ. ಇಷ್ಟ ಸುಳ್ಳ ಯಾಕ ಹೇಳ್ತೀರಿ? ನನಗ ಶಾಲು ಬ್ಯಾಡ. ನನ್ನ ಚಿಪ್ಪು ಕೊಡ್ರಿ, ನಾ ಮನಿಗೆ..."

ಬಿಳಿ ಬೂಟಿನವ ಕೆಳಗಿನಿಂದ ಸೌಂಡಿನವನಿಗೆ ಕೈ ಮಾಡಿದ. ಮೈಕು ಸತ್ತಿತು. ವೇದಿಕೆಯ ಎರಡೂ ಬದಿಯ ಭೋಂಗಾಗಳಿಂದ ಬಸುಕಾಕಾ ಗುಡುಗಿದ: "ನಾ ಮತ್ತ ಬರ್ತೀನಿ ಯವ್ವಾ, ಅಳಬ್ಯಾಡ." ಮಗ ಮಾತಾಡುವಾಗ ಆಯಿ ಯಾವತ್ತೂ ನಡುವೆ ಬಾಯಿ ಹಾಕಿದವಳಲ್ಲ. ಸುಮ್ಮನಾದಳು. ಜನ ಚಪ್ಪಾಳೆ ತಟ್ಟಿದರು, ಸಿಳ್ಳೆ ಹೊಡೆದರು. ಮುಂದೆ ಕೂತ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಡೋಲು ಶುರುವಾಯಿತು. ಮಗನ ದನಿಯಿಂದಲೇ ತಾಯಿಯ ಬಾಯಿ ಮುಚ್ಚಿಸಿದ್ದು ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ. ಹನ್ನೊಂದು ವರ್ಷದ ನನಗೆ ತಿಳಿದಿತ್ತು, ನನ್ನ ಹತ್ತಿರ ಮೈಕು ಇರಲಿಲ್ಲ.

ಚಿಪ್ಪು ಅಲ್ಲೂ ಸಿಗಲಿಲ್ಲ. ಮತದಾನ ಮುಗಿದ ಮೇಲೆ ಅಪ್ಪ ನೋಟ್‌ಬುಕ್ ಹಿಡಿದು ಬಿಳಿ ಬೂಟಿನವನ ಮನೆಗೆ ಹೋದ. ಜೊತೆಗೆ ನಾನೂ ಇದ್ದೆ. ಅವನು ಹಾಳೆ ತಿರುಗಿಸಿ ನೋಡಿ ಕೇಳಿದ, "ಇದರಾಗ ನನ್ನ ಹೆಸರ ಎಲ್ಲೈತ್ರಿ?" ಆಮೇಲೆ ಆಟೋದವನನ್ನು ಕೇಳಿ ಎಂದ. ಆಟೋದವ ಗಜೇಂದ್ರಗಡದ ಸೌಂಡಿನ ಅಂಗಡಿಯತ್ತ ಬೆರಳು ತೋರಿಸಿದ. ಅಂಗಡಿಯವನ ಮುಂದೆ ಡಬ್ಬಿ ತುಂಬ ಚಿಪ್ಪುಗಳಿದ್ದವು. "ಪ್ರಚಾರ ಮುಗೀತಲ್ರಿ, ಎಲ್ಲಾ ಅಳಿಸಿ ಮದುವಿ ಹಾಡು ತುಂಬೀನಿ. ನಿಮ್ಮದು ಯಾವದು ಅಂತ ಹ್ಯಾಂಗ ಹೇಳ್ಲಿ?" ಅಪ್ಪ ಮತ್ತು ನಾನು ಒಂದೊಂದಾಗಿ ಮೂವತ್ತೊಂದು ಚಿಪ್ಪು ಹಚ್ಚಿ ಕೇಳಿದೆವು. ಮೂವತ್ತೊಂದರಲ್ಲೂ ಹಾಡು.

ಪಕ್ಷ ಯಾವುದು, ಸಾಹೇಬರು ಗೆದ್ದರೋ ಸೋತರೋ, ಬೇಕೆಂದೇ ಬರೆದಿಲ್ಲ. ಬರೆದರೆ ಎದುರು ಪಕ್ಷದವರು ನಾಳೆ ಇದನ್ನೇ ಭೋಂಗಾದಲ್ಲಿ ಹಚ್ಚುತ್ತಾರೆ. ಹುತಾತ್ಮ, ವೀರಪುತ್ರ, ದೇಶದ ಮಗ. ಇವರಿಗೆ ಎಲ್ಲ ಹೆಸರೂ ಬಾಯಿಗೆ ಬರುತ್ತವೆ. ಬಸವರಾಜ ಅನ್ನುವ ಅವನ ಹೆಸರನ್ನು ಆ ಮೂರು ಊರಿನಲ್ಲಿ ಒಬ್ಬರೂ ಹೇಳಲಿಲ್ಲ. ನಾನು ಕಿವಿಗೊಟ್ಟು ಕೇಳಿದ್ದೇನೆ.

ಇವತ್ತು ನಮ್ಮ ಮನೆಯಲ್ಲಿ ಐದು ಫೋನುಗಳಿವೆ. ಸಾವಿರಾರು ಫೋಟೊ, ಯಾರ್ಯಾರದೋ ಮದುವೆಯ ವಿಡಿಯೊ. ಆ ಒಂದು ನಿಮಿಷ ಐವತ್ತೆರಡು ಸೆಕೆಂಡು ಇಲ್ಲ. ಹೋದ ತಿಂಗಳು ಆಯಿ ತಾನಾಗಿ ಹೇಳಿದಳು: "ಬಸ್ಯಾನ ಮಾರಿ ನೆನಪೈತಿ ಗಂಗೂ. ದನಿ ನೆನಸ್ಕೊಳ್ಳಾಕ ಹೋದ್ರ ಹಿಂದ ಡೋಲು ಬಾರಸ್ತಾರ." ಚಿಪ್ಪು ಕಳೆದದ್ದಕ್ಕಿಂತ ನನಗೆ ಇದೇ ದೊಡ್ಡ ಕಳವು ಅನಿಸುತ್ತದೆ. ಒಬ್ಬ ತಾಯಿಯ ತಲೆಯೊಳಗೆ ಕೈ ಹಾಕಿ ಮಗನ ದನಿ ತೆಗೆದು, ಅಲ್ಲಿ ತಮ್ಮ ಭೋಂಗಾ ಇಟ್ಟು ಹೋದರು.

ಈಗ ಓದುವವರಲ್ಲಿ ಒಂದು ಕೇಳಿಕೆ. ಆ ಬೇಸಿಗೆಯಲ್ಲಿ ರೋಣ, ನರಗುಂದ, ಗಜೇಂದ್ರಗಡದ ಕಡೆ ಪ್ರಚಾರದ ಆಟೋ ಓಡಿಸಿದವರು, ಸೌಂಡಿನ ಕೆಲಸ ಮಾಡಿದವರು, ಕತ್ತರಿಸುವ ಮೊದಲು ಇಡೀ ಮಾತನ್ನು ಯಾರಾದರೂ ನಕಲು ಮಾಡಿಕೊಂಡಿರಬಹುದು. ಹಳೆಯ ಫೋನು, ಹಳೆಯ ಚಿಪ್ಪು ಮೂಲೆಯಲ್ಲಿ ಬಿದ್ದಿದ್ದರೆ ಒಮ್ಮೆ ಹಚ್ಚಿ ನೋಡಿ. ಗುರುತು ಇಷ್ಟು: ಮೊದಲಿಗೆ ರೊಟ್ಟಿ ಬಡಿಯುವ ಸಪ್ಪಳ, ಕೊನೆಗೆ ಒಬ್ಬ ಹುಡುಗಿಯ ಹಟ. ಡೋಲು ಇರುವುದು ನಮಗೆ ಬೇಡ. ಸಿಕ್ಕರೆ, ಸಿಕ್ಕವರು ಗೊತ್ತಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಬರೆಯಿರಿ. ಆಯಿಗೆ ಎಪ್ಪತ್ತಾರು. ಎಡಗಿವಿ ಹೋದ ವರ್ಷವೇ ಹೋಯಿತು. ಬಲಗಿವಿ ಇನ್ನೂ ಕೇಳುತ್ತದೆ. ದಯವಿಟ್ಟು ತಡಮಾಡಬೇಡಿ, ಲಗೂ ಬರೆಯಿರಿ.