ಆಯುಧಪೂಜೆಗೆ ಹೊಸ ಮೋಟಾರು

ನಮ್ಮ ಮನೆಯಲ್ಲಿ ಒಂದು ವಸ್ತು ಯಾರದು ಎಂಬುದು ಅದು ಯಾರ ಹೆಸರಿಗೆ ಬಂತು ಎಂಬುದರ ಮೇಲೆ ತೀರ್ಮಾನವಾಗುತ್ತಿತ್ತು. ಅದನ್ನು ಬದುಕಿಸಿಕೊಂಡು ಬಂದವರು ಯಾರು ಎಂಬುದು ಲೆಕ್ಕಕ್ಕೇ ಇರಲಿಲ್ಲ. ಆ ರಿಮೋಟ್ ಕಾರನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುವುದು ಅದಕ್ಕೇ.

ತೊಂಬತ್ತರ ದಶಕದ ಶುರುವಿನಲ್ಲಿ, ದುಬೈಯಲ್ಲಿದ್ದ ಸೋದರಮಾವ ರಜೆಗೆ ಬಂದಾಗ ಅಣ್ಣನಿಗೆಂದು ಅದನ್ನು ತಂದಿದ್ದರು. ನನಗೆ ಒಂದು ಸೆಂಟಿನ ಬಾಟಲಿ. ಅಣ್ಣ ಒಂದು ಬೇಸಿಗೆ ಪೂರ್ತಿ ಕಾರು ಓಡಿಸಿ, ಕಾಂಪೌಂಡಿಗೆ ಗುದ್ದಿಸಿ, ಆಮೇಲೆ ಕ್ರಿಕೆಟ್ಟಿನ ಹಿಂದೆ ಬಿದ್ದ. ಕಾರು ಅಟ್ಟ ಸೇರಿತು. ಅಟ್ಟದಿಂದ ಇಳಿಸಿದವಳು ನಾನು. ಮುರಿದ ಬಂಪರಿಗೆ ಪೌಡರ್ ಡಬ್ಬಿಯ ಪ್ಲಾಸ್ಟಿಕ್ ಕತ್ತರಿಸಿ ಅಂಟಿಸಿದ್ದು, ಸವೆದ ಟೈರಿಗೆ ಸೈಕಲ್ ಟ್ಯೂಬು ಸುತ್ತಿದ್ದು, ಹಲ್ಲು ಉದುರಿದ ಗೇರಿಗಾಗಿ ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ಅಲೆದದ್ದು ಎಲ್ಲಾ ನಾನೇ. ಡಿಪ್ಲೊಮಾ ಮುಗಿಸಿ, ಯುಪಿಎಸ್ ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೂ ಅದು ನನ್ನ ಮಂಚದ ಕೆಳಗೇ ಇತ್ತು. ಆದರೂ ಮನೆಗೆ ಬಂದವರು ಕೇಳಿದರೆ ಅಮ್ಮ ಹೇಳುತ್ತಿದ್ದದ್ದು ಒಂದೇ ಮಾತು: "ಅದಾ? ನಮ್ಮ ಹುಡುಗಂದು."

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ದಸರಾಕ್ಕೆ ಸ್ವಲ್ಪ ಮುಂಚೆ ಅಣ್ಣನ ಮ್ಯಾನೇಜರು ನಮ್ಮ ಮನೆಗೆ ಊಟಕ್ಕೆ ಬಂದರು. ಜಯನಗರದಲ್ಲಿ ಸ್ವಂತ ಮನೆ, ಹಳೆಯ ರಿಮೋಟ್ ಗಾಡಿಗಳ ಹುಚ್ಚು. "ಈ ಮಾಡೆಲ್ ಈಗ ಎಲ್ಲೂ ಸಿಗಲ್ಲ ಕಣ್ರೀ" ಎಂದು, ಅಣ್ಣ ತಂದು ತೋರಿಸಿದ ಕಾರನ್ನು ಎತ್ತಿಕೊಂಡವರು ಊಟಕ್ಕೆ ಎಲೆ ಹಾಕುವವರೆಗೂ ಕೆಳಗಿಡಲಿಲ್ಲ. ಅಣ್ಣ ಆಗ ಪ್ರಮೋಷನ್ನಿನ ಆಸೆಯಲ್ಲಿ ತೇಲುತ್ತಿದ್ದ. "ಇಟ್ಕೊಳ್ಳಿ ಸಾರ್, ಹಬ್ಬದ ದಿನ ಕ್ಲೀನ್ ಮಾಡಿಸಿ ಕೊಡ್ತೀನಿ" ಅಂದೇಬಿಟ್ಟ.

ಅವರು ಗೇಟು ದಾಟಿದ್ದೇ ತಡ, ನಾನು ರೇಗಿದೆ. "ಯಾರನ್ನ ಕೇಳಿ ಕೊಟ್ಟೆ?"

"ನನ್ನ ಕಾರು, ಯಾರನ್ನ ಕೇಳ್ಬೇಕು? ಅದು ಓಡೋದಾದ್ರೂ ಎಲ್ಲಿ? ನಮ್ಮ ರೋಡೇ ಹತ್ತಲ್ಲ."

ಅದು ಸುಳ್ಳಲ್ಲ. ಬನಶಂಕರಿಯ ನಮ್ಮ ರಸ್ತೆ, ಮೂಲೆಯ ಟ್ರಾನ್ಸ್‌ಫಾರ್ಮರಿನಿಂದ ನಮ್ಮ ಗೇಟಿನವರೆಗೆ ಒಂದೇ ಸಮ ಏರು. ಹಳೆಯ ಮೋಟಾರು ಅರ್ಧ ದಾರಿಗೆ ನರಳಿ, ಸುಟ್ಟ ವಾಸನೆ ಬಿಟ್ಟು ನಿಂತುಬಿಡುತ್ತಿತ್ತು.

"ಹತ್ತಿಸಿದ್ರೆ?"

"ಹತ್ತಿಸು ನೋಡೋಣ. ಹಬ್ಬದ ದಿನ ಸಂಜೆ ಟ್ರಾನ್ಸ್‌ಫಾರ್ಮರಿಂದ ಗೇಟ್ ತನಕ ಎಲ್ಲೂ ನಿಲ್ಲದೆ ಹತ್ತಿಸು. ಗಾಡಿ ನಿಂದೇ. ಸಾರ್‌ಗೆ ನಾನೇ ಏನೋ ಒಂದು ಹೇಳ್ತೀನಿ."

ಪೇಪರು ಓದುತ್ತಿದ್ದ ಅಪ್ಪ "ಸರಿ, ನಾನೇ ಸಾಕ್ಷಿ, ಇನ್ನು ಇಬ್ಬರೂ ಬಾಯಿ ಮುಚ್ಚಿ" ಎಂದರು.

ಹೊಸ ಮೋಟಾರು ತಂದೆ. ಅಂಗಡಿಯವನು "ಸಖತ್ ಪವರ್ ಇದೆ ಮೇಡಂ, ಸುಮ್ನೆ ಹಾಕಿ ಓಡಿಸಿ" ಎಂದಿದ್ದ. ಸುಮ್ಮನೆ ಹಾಕುವುದು ಎಂಬ ಮಾತು ಅಂಗಡಿಯ ಬಾಗಿಲಿನವರೆಗೆ ಮಾತ್ರ. ಮೋಟಾರಿನ ಕಡ್ಡಿಗೆ ಸಿಕ್ಕಿಸುವ ಪುಟ್ಟ ಹಿತ್ತಾಳೆ ಗೇರು ಹಳೆಯದರಲ್ಲಿ ಕಚ್ಚಿ ಕೂತಿತ್ತು. ಎಳೆದೆ, ಕುಟ್ಟಿದೆ, ಎಣ್ಣೆ ಬಿಟ್ಟೆ, ಬಿಸಿ ಮಾಡಿದೆ, ಬೈದೆ. ಕೊನೆಗೆ ಆಫೀಸಿಗೆ ಒಯ್ದು ಅಲ್ಲಿಯ ವೈಸಿನ ಕಬ್ಬಿಣದ ದವಡೆಯಲ್ಲಿ ಹಿಡಿಸಿ ಕಳಚಿದೆ. ಆಮೇಲೆ ಸ್ಕ್ರೂ ತೂತುಗಳು ಕೂಡಲಿಲ್ಲ. ತೂತು ಸರಿಮಾಡಿದರೆ ಗೇರು ಗೇರಿಗೆ ತಾಕಿ ಕಾಫಿಪುಡಿ ಮಿಷನ್ನಿನಂತೆ ಗರಗರ ಅನ್ನತೊಡಗಿತು. ಒಂದು ಬಿಚ್ಚಿದರೆ ಇನ್ನೊಂದು ಕೈಕೊಡುತ್ತಿತ್ತು. ಅಣ್ಣ ಬಾಗಿಲಲ್ಲಿ ನಿಂತು "ಬಿಡು, ಯಾಕೆ ಕಷ್ಟಪಡ್ತೀಯ" ಎಂದು ಹಲ್ಲು ಕಿರಿದು ಹೋಗುತ್ತಿದ್ದ. ಸ್ಕ್ರೂಡ್ರೈವರು ಅವನ ತಲೆಗೆ ಎಸೆಯಬೇಕು ಅನಿಸುತ್ತಿತ್ತು.

ಎಲ್ಲ ಕೂಡಿಬಂದದ್ದು ಆಯುಧಪೂಜೆಯ ಬೆಳಿಗ್ಗೆ. ಉಳಿದಿದ್ದದ್ದು ಎರಡು ವೈರಿನ ಬೆಸುಗೆ. ವೈರುಗಳ ಬಣ್ಣ ಎಂದೋ ಮಾಸಿ ಎರಡೂ ಒಂದೇ ಥರ ಆಗಿದ್ದವು. ಹಳೆಯ ಮೋಟಾರಿನಲ್ಲಿ ಎಡಕ್ಕಿದ್ದದ್ದನ್ನು ಎಡಕ್ಕೆ, ಬಲಕ್ಕಿದ್ದದ್ದನ್ನು ಬಲಕ್ಕೆ ಬೆಸೆದೆ. ಬ್ಯಾಟರಿ ಇನ್ನೂ ಚಾರ್ಜ್ ಆಗುತ್ತಿತ್ತು, ಓಡಿಸಿ ನೋಡುವ ಹಾಗಿರಲಿಲ್ಲ. ಅಷ್ಟರಲ್ಲಿ ಅಮ್ಮ ಮಡಿಯುಟ್ಟು ಬಂದವಳು "ರಾಹುಕಾಲ ಬಂದುಬಿಡತ್ತೆ, ಕೊಡೇ ಅದನ್ನ" ಎಂದು ಸೋಲ್ಡರಿಂಗ್ ಐರನ್, ಕಟ್ಟರ್, ಸ್ಕ್ರೂಡ್ರೈವರುಗಳನ್ನೆಲ್ಲ ಬಾಚಿಕೊಂಡು ಹೋದಳು. ದೇವರ ಮುಂದೆ ಮಣೆಯ ಮೇಲೆ ಈಳಿಗೆಮಣೆ, ಕತ್ತರಿ, ಅಪ್ಪನ ಸ್ಪ್ಯಾನರುಗಳ ಪಕ್ಕದಲ್ಲಿ ಅವೂ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಕೂತವು. ಹಾಗೆ ಕೂತ ಮೇಲೆ ಮಾರನೆಯ ದಿನ ವಿಜಯದಶಮಿಗೆ ಅಮ್ಮ ಕದಲಿಸುವವರೆಗೂ ಯಾರೂ ಮುಟ್ಟುವಂತಿಲ್ಲ.

ಆಮೇಲೆ ಗಾಡಿಗಳ ಪೂಜೆ. ಅಪ್ಪನ ಸ್ಕೂಟರು, ಅಣ್ಣನ ಬೈಕು, ಕೊನೆಗೆ ನನ್ನ ಕಾರು. ಬೂದುಗುಂಬಳಕಾಯಿ ಒಡೆದಾಯಿತು. ಸ್ಕೂಟರೂ ಬೈಕೂ ನಿಂಬೆಹಣ್ಣು ಚಪ್ಪಟೆ ಮಾಡಿ ಮುಂದೆ ಹೋದವು. ನಾನು ಚಾರ್ಜಾದ ಬ್ಯಾಟರಿ ಹಾಕಿ, ಕಾರಿನ ಚಕ್ರಕ್ಕೆ ನಿಂಬೆಯ ಸಣ್ಣ ಹೋಳಿಟ್ಟು ರಿಮೋಟಿನ ಕಡ್ಡಿ ಮುಂದಕ್ಕೆ ಒತ್ತಿದೆ. ಕಾರು ಬಾಣದ ಹಾಗೆ ಹಿಂದಕ್ಕೆ ಹಾರಿ ತುಳಸಿಕಟ್ಟೆಗೆ ಬಡಿಯಿತು.

"ಅಯ್ಯೋ, ಹಬ್ಬದ ದಿನ ಹಿಂದಕ್ಕೆ ಹೋಗ್ತಿದೆಯಲ್ಲೇ!" ಎಂದು ಅಮ್ಮ ಗಲ್ಲ ಬಡಿದುಕೊಂಡಳು. ಅಣ್ಣ ನಗು ತಡೆಯಲಾರದೆ ಬೈಕಿನ ಮೇಲೇ ಕುಸಿದ.

ಹೊಸ ಮೋಟಾರಿನಲ್ಲಿ ಎಡಬಲ ಅದಲುಬದಲಾಗಿತ್ತು, ಅಷ್ಟೇ. ಎರಡು ವೈರು ಆಚೀಚೆ ಮಾಡಿದರೆ ಮುಗಿಯಿತು. ಕಡ್ಡಿಯನ್ನು ಹಿಂದಕ್ಕೆ ಎಳೆದರೆ ಕಾರು ಮುಂದೆ ಹೋಗುತ್ತಿತ್ತೇನೋ ನಿಜ, ಆದರೆ ಆ ಕಾರಿನ ರಿವರ್ಸಿಗೆ ಇದ್ದದ್ದು ಒಂದೇ ವೇಗ, ಅದೂ ಆಮೆಯದು. ಏರಿನ ಮಾತೇ ಇಲ್ಲ.

"ಅಮ್ಮಾ, ಐರನ್ ಕೊಡು. ಐದು ನಿಮಿಷದ ಕೆಲಸ."

"ಪೂಜೆಗಿಟ್ಟಿದ್ದನ್ನ ಎತ್ತಬಾರದು."

"ಅಪ್ಪ ಸ್ಕೂಟರ್ ಓಡಿಸ್ಬಹುದು, ನಾನು ಐರನ್ ಮುಟ್ಟಬಾರದಾ?"

"ಗಾಡಿ ಬೇರೆ, ಆಯುಧ ಬೇರೆ. ನಾಳೆ ತಗೋ."

ನಾಳೆ ತಗೊಂಡು ಏನು ಮಾಡಲಿ? ಮೂಲೆಯ ಎಲೆಕ್ಟ್ರಿಷಿಯನ್ ಅಂಗಡಿಗೆ ಓಡಿದೆ. ಬಾಗಿಲಿಗೆ ಬಾಳೆಕಂದು ಕಟ್ಟಿತ್ತು, ಅವರ ಐರನ್ನೂ ಹೂವು ಮುಡಿದು ಕೂತಿತ್ತು. "ನಾಳೆ ಬಾ ಅಕ್ಕ" ಎಂದು ಅವರು ಕೈಗೆ ಕಡ್ಲೆಪುರಿ ಪೊಟ್ಟಣ ಕೊಟ್ಟರು. ಎದುರುಮನೆ, ಪಕ್ಕದ ಮನೆ, ಎಲ್ಲ ಕಡೆ ಅದೇ ಕಥೆ. ವೈರು ಕತ್ತರಿಸಿ ಕೈಯಲ್ಲೇ ತಿರುಚೋಣವೆಂದರೆ ಮನೆಯ ಬ್ಲೇಡಿಗೂ ಕುಂಕುಮ. ಹಲ್ಲಿನಲ್ಲಿ ಕಚ್ಚಿದೆ, ತುಟಿ ಒಡೆಯಿತು, ವೈರು ಜಗ್ಗಲಿಲ್ಲ. ಇಡೀ ಬೆಂಗಳೂರು ಸೇರಿಕೊಂಡು ನನ್ನ ಕೈ ಕಟ್ಟಿಹಾಕಿದೆ ಅನ್ನಿಸಿ ಅಳು ಬಂತು. ಕಡ್ಲೆಪುರಿ ಮುಕ್ಕುತ್ತ ಅತ್ತೆ.

ಅಳುತ್ತಿರುವಾಗಲೇ ಹೊಳೆಯಿತು. ಕಾರು ಜೋರಾಗಿ ಹೋಗುವುದು ಹಿಂದಕ್ಕೆ ತಾನೇ? ಹಾಗಾದರೆ ಹಿಂದಕ್ಕೇ ಹತ್ತಲಿ.

ಸಂಜೆ ಮ್ಯಾನೇಜರು ಕಾರು ಒಯ್ಯಲು ಬಂದಾಗ ನಾನು ಟ್ರಾನ್ಸ್‌ಫಾರ್ಮರಿನ ಪಕ್ಕ, ಕಾರಿನ ಬೆನ್ನನ್ನು ಏರಿನ ಕಡೆ ತಿರುಗಿಸಿ ನಿಂತಿದ್ದೆ. ಕಡ್ಡಿ ಒತ್ತಿದೆ. ಸ್ಟೇರಿಂಗಿಗೆ ತಿರುಗುವ ಚಕ್ರಗಳು ಈಗ ಹಿಂದಿನ ತುದಿಗೆ ಬಿದ್ದದ್ದರಿಂದ ಕಾರು ಕುಡಿದವನ ಹಾಗೆ ತೂರಾಡಿತು. ಗಾಡಿ ತೊಳೆದ ನೀರಲ್ಲಿ ಚಕ್ರ ಜಾರಿತು, ಒಡೆದ ಕುಂಬಳಕಾಯಿ ಸುತ್ತಿ ಬಂತು, ಆದರೆ ನಿಲ್ಲಲಿಲ್ಲ. ಹಳೆಯದು ಪ್ರಾಣ ಬಿಡುತ್ತಿದ್ದ ಜಾಗವನ್ನು ಉಸಿರೂ ಬಿಡದೆ ದಾಟಿತು. ನಾನು ರಿಮೋಟು ಹಿಡಿದು ಬರಿಗಾಲಲ್ಲಿ ಅದರ ಹಿಂದೆ ಓಡಿದೆ. ಗೇಟಿಗೆ ಬಂದು ಬಡಿದಾಗ ಕಿರುಚಿಬಿಟ್ಟೆ.

ಅಣ್ಣ ತಣ್ಣಗೆ ಹೇಳಿದ: "ಹಿಂದುಮುಂದಾಗಿ ಹತ್ತಿದ್ರೆ ಲೆಕ್ಕಕ್ಕಿಲ್ಲ."

"ನಿಲ್ಲದೆ ಹತ್ತಿಸು ಅಂದೆ, ಹತ್ತಿಸಿದ್ದೀನಿ. ಮುಖ ಯಾವ ಕಡೆ ಇರ್ಬೇಕು ಅಂತ ನೀನು ಹೇಳ್ಲಿಲ್ಲ!"

ಸಾಕ್ಷಿಯಾದ ಅಪ್ಪನ ಕಡೆ ನೋಡಿದೆ. ಅಪ್ಪ ಮ್ಯಾನೇಜರ ಕಡೆ ನೋಡಿದರು, ಆಮೇಲೆ ನೆಲ ನೋಡಿದರು. "ಹೋಗ್ಲಿ ಬಿಡಮ್ಮ, ಬಂದವರ ಎದುರಿಗೆ ರಂಪ ಬೇಡ" ಎಂದರು. ಮ್ಯಾನೇಜರು "ಏನ್ ಪವರ್ ಕಣ್ರೀ!" ಎಂದು ಬೆರಗಾಗಿ, ಕಾರನ್ನೂ ರಿಮೋಟನ್ನೂ ಒಂದು ಚೀಲ ಕಡ್ಲೆಪುರಿಯನ್ನೂ ತೆಗೆದುಕೊಂಡು ಹೊರಟರು. ನಾನು ರಾತ್ರಿ ಊಟ ಮಾಡಲಿಲ್ಲ. ಯಾರೂ ಕರೆಯಲೂ ಇಲ್ಲ.

ಮಾರನೆಯ ಬೆಳಿಗ್ಗೆ ಅಮ್ಮ ಪೂಜೆ ಕದಲಿಸಿ ಐರನ್ನನ್ನು ನನ್ನ ಕೈಗಿತ್ತಳು. ಅಷ್ಟರಲ್ಲಿ ಫೋನು ಬಂತು. ಅಣ್ಣ ಎತ್ತಿಕೊಂಡು "ಹೂಂ ಸಾರ್, ಈಗಲೇ ಸಾರ್" ಎಂದು ಇಟ್ಟವನು ನನ್ನ ಮೇಲೆ ಹರಿಹಾಯ್ದ.

"ಮುಂದಕ್ಕೆ ಒತ್ತಿದ್ರೆ ಹಿಂದಕ್ಕೆ ಹೋಗತ್ತಂತೆ. ಅವರ ಮನೆ ಹೂಕುಂಡ ಒಡೆದುಹೋಯ್ತಂತೆ. ಏನು ಕರ್ಮ ನಿನ್ನ ಕಾರಿಂದು! ನಡಿ, ಸರಿ ಮಾಡಿಕೊಡು."

ಹತ್ತು ವರ್ಷದ ಮೇಲಾಗಿತ್ತು ಆ ಕಾರು ಮನೆಗೆ ಬಂದು. ಅದನ್ನು ಅವನು ನನ್ನದೆಂದು ಕರೆದದ್ದು ಅದೇ ಮೊದಲು.

"ನನ್ನ ಕಾರಲ್ವಾ? ಹೋಗಿ ಇಸ್ಕೊಂಡು ಬಾ. ಇಲ್ಲೇ ಕೂತು ಸರಿ ಮಾಡ್ತೀನಿ."

"ಕೊಟ್ಟಿದ್ದನ್ನ ಹೆಂಗೆ ವಾಪಸ್ ಕೇಳೋದು?"

"ಹಾಗಾದ್ರೆ ಅದು ಹಿಂದಕ್ಕೇ ಓಡ್ಲಿ" ಎಂದು ನಾನು ಸ್ನಾನಕ್ಕೆ ಹೋದೆ.